ಮಕ್ಕಳ ಯೋಜನಾ ವರದಿಗೂ ಒಂದು ‘ಉಲ್ಲೇಖ’: ಪಂಚಾಯಿತಿಯಿಂದ ಆಗಬೇಕಾದ ಕೆಲಸ



ನಮ್ಮ ಕಚೇರಿಗೆ ಬರುವ ಯಾವುದೇ ಸರ್ಕಾರಿ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲು ಇರುತ್ತದೆ. ಯಾವ ಆದೇಶ, ಯಾವ ಸಂಖ್ಯೆ, ಯಾವ ದಿನಾಂಕ ಎಂಬುದು ಅಲ್ಲಿ ತಿಳಿಯುತ್ತದೆ. ಅಳತೆ ಪುಸ್ತಕದಲ್ಲಿ ದಾಖಲಾಗದ ಚರಂಡಿಗೆ ಬಿಲ್ಲು ಪಾವತಿಯಾಗುವುದಿಲ್ಲ. ಚರಂಡಿ ಕಣ್ಣೆದುರಿಗೇ ಇದ್ದರೂ ಆಗುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿರುವ ನಾವು, ನಮ್ಮ ಮಕ್ಕಳು ಶಾಲೆಗೆ ಯೋಜನಾ ವರದಿ ಬರೆಯುವಾಗ ಮಾತ್ರ ‘ಇದನ್ನು ಎಲ್ಲಿಂದ ತಿಳಿದುಕೊಂಡೆ’ ಎಂದು ಕೇಳುವ ರೂಢಿಯನ್ನೇ ಇಟ್ಟುಕೊಂಡಿಲ್ಲ.

ಇದರಿಂದ ಆಗುವ ನಷ್ಟವನ್ನು ಒಮ್ಮೆ ಹತ್ತಿರದಿಂದ ಕಂಡೆ. ಬಸರೀಕಟ್ಟೆ ಭಾಗದಿಂದ ಬಂದಿದ್ದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಮಕ್ಕಳ ವಸ್ತುಪ್ರದರ್ಶನದಲ್ಲಿ ರಾಷ್ಟ್ರಕವಿ ಕುವೆಂಪು ಅವರ ಕುರಿತು ಭಿತ್ತಿಪಟ ಮಾಡಿದ್ದಳು. ಜನ್ಮಸ್ಥಳದ ಮುಂದೆ ‘ಹಿರೇಕೊಡಿಗೆ, ಕೊಪ್ಪ ತಾಲ್ಲೂಕು’ ಎಂದು ಬರೆದಿದ್ದಳು. ತೀರ್ಪುಗಾರರೊಬ್ಬರು ಅದನ್ನು ತಪ್ಪೆಂದು ಗುರುತಿಸಿ ‘ಕುಪ್ಪಳಿ’ ಎಂದು ತಿದ್ದಿದರು. ‘ಅಜ್ಜಿ ಹೇಳಿದ್ದು ಸಾರ್’ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಅದು ಯಾರ ಕಿವಿಗೂ ಬೀಳಲಿಲ್ಲ. ನಾನೂ ಅಲ್ಲಿಯೇ ನಿಂತಿದ್ದೆ. ಅವಳದು ಸರಿ ಎಂಬುದು ಗೊತ್ತಿದ್ದರೂ ತೆರೆದು ತೋರಿಸಲು ನನ್ನ ಕೈಯಲ್ಲಿಯೂ ಪುಸ್ತಕ ಇರಲಿಲ್ಲ.

ಕುವೆಂಪು ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತಂದೆಯ ಮನೆಯಾದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕವಿಮನೆ, ಕವಿಶೈಲ ಎರಡೂ ಕುಪ್ಪಳಿಯಲ್ಲಿರುವುದರಿಂದ ಜನ್ಮಸ್ಥಳವೂ ಅದೇ ಎಂಬ ತಿಳಿವಳಿಕೆ ಬೆಳೆದಿದೆ. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ಪದ್ಧತಿಯನ್ನು ನೆನೆದರೆ ಈ ಗೊಂದಲ ಹೇಗೆ ಹುಟ್ಟಿತೆಂಬುದು ಅರ್ಥವಾಗುತ್ತದೆ. ಅವರ ಬಾಲ್ಯದ ವಿವರಕ್ಕೆ ಮೊದಲು ನೋಡಬೇಕಾದುದು ಅವರದೇ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’. (ತಾನು ಹುಟ್ಟಿದ್ದನ್ನು ಯಾರೂ ಸ್ವತಃ ನೆನಪಿಟ್ಟುಕೊಂಡಿರುವುದಿಲ್ಲ; ಆತ್ಮಕಥೆಯೂ ಆ ಮಟ್ಟಿಗೆ ಹಿರಿಯರಿಂದ ಕೇಳಿ ಬರೆದದ್ದೇ. ಆದರೂ ಕವಿಯ ಮನೆಯವರ ಮಾತಿಗೆ ಇರುವ ತೂಕ, ಯಾರು ಬರೆದರೆಂದೇ ತಿಳಿಯದ ವಾಟ್ಸಾಪ್ ಸಂದೇಶಕ್ಕೆ ಇರಲಾರದು.) ಆ ಪುಸ್ತಕದ ಹೆಸರನ್ನೂ ಪುಟವನ್ನೂ ಭಿತ್ತಿಪಟದ ಕೆಳಗೆ ಬರೆದಿದ್ದರೆ ಬಾಲಕಿ ವಾದಿಸಬೇಕಾಗಿಯೇ ಇರಲಿಲ್ಲ. ಅಜ್ಜಿಯ ಮಾತನ್ನೂ ಬಿಡಬೇಕಾಗಿರಲಿಲ್ಲ. ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ದಿನಾಂಕ ಇವಿಷ್ಟನ್ನು ಅವರ ಒಪ್ಪಿಗೆ ಪಡೆದು ಬರೆದರೆ ಮೌಖಿಕ ಮಾಹಿತಿಯೂ ಆಧಾರವೇ. ಒಂದು ಬಾಯಿಮಾತು, ಒಂದು ಪುಸ್ತಕ. ಎರಡೂ ಒಂದನ್ನೇ ಹೇಳಿದರೆ ವರದಿ ಗಟ್ಟಿಯಾಗುತ್ತದೆ.

ಪುಸ್ತಕದ ಉಲ್ಲೇಖಕ್ಕೆ ಲೇಖಕರು, ಕೃತಿ, ಪ್ರಕಾಶಕರು, ಮುದ್ರಣದ ವರ್ಷ, ಪುಟ ಸಾಕು. ಮುದ್ರಣ ಬದಲಾದರೆ ಪುಟ ಬದಲಾಗುವುದರಿಂದ ಮಗು ಕೈಯಲ್ಲಿ ಹಿಡಿದು ಓದಿದ ಪ್ರತಿಯ ವರ್ಷವನ್ನೇ ಬರೆಯಬೇಕು. ಜಾಲತಾಣವಾದರೆ ಸಂಸ್ಥೆಯ ಹೆಸರು, ಪುಟದ ಶೀರ್ಷಿಕೆ, ನೋಡಿದ ದಿನಾಂಕ. ಓದದ ಪುಸ್ತಕವನ್ನು ಬರೆಯಬಾರದು. ಎಂಜಿನಿಯರಿಂಗ್ ಅಂತಿಮ ವರ್ಷದ ನನ್ನ ವರದಿಯ ಕೊನೆಯಲ್ಲಿ ಇಪ್ಪತ್ತು ಪುಸ್ತಕಗಳ ಹೆಸರಿದ್ದವು. ತೆರೆದು ನೋಡಿದ್ದು ನಾಲ್ಕನ್ನು. ಅಂದು ಯಾರೂ ಕೇಳಲಿಲ್ಲ, ಅದಕ್ಕೇ ಇಂದು ಹೇಳುತ್ತಿದ್ದೇನೆ. ಈಗ ಮಕ್ಕಳು ಮೊಬೈಲಿನ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅದು ಇಲ್ಲದ ಪುಸ್ತಕದ ಹೆಸರನ್ನೂ ಪುಟಸಂಖ್ಯೆಸಹಿತ ಹೇಳಿಬಿಡುವುದುಂಟು. ಆ ಪುಸ್ತಕ ಎಲ್ಲಿಯಾದರೂ ಇದೆಯೇ ಎಂದು ನೋಡಿಯೇ ಬರೆಯಬೇಕು.

ಊರಿನ ಇತಿಹಾಸದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟ (1901) ನಮ್ಮ ಜಿಲ್ಲೆಯ ಶಾಸನಗಳದ್ದು. ಆದರೆ ಮುಖಪುಟದಲ್ಲಿ ‘ಚಿಕ್ಕಮಗಳೂರು’ ಎಂದು ಹುಡುಕಿದರೆ ಸಿಗದು. ಅಂದು ಜಿಲ್ಲೆಯ ಹೆಸರು ‘ಕಡೂರು’. ನರಸಿಂಹರಾಜಪುರವನ್ನು ಅಂದಿನ ಪುಸ್ತಕಗಳಲ್ಲಿ ‘ಎಡೇಹಳ್ಳಿ’ ಎಂದೇ ಹುಡುಕಬೇಕು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆಯಾಗಿದೆ. ವರ್ಷ ಬರೆಯದೆ ‘6ನೇ ಸಂಪುಟ’ ಎಂದಷ್ಟೇ ಬರೆದರೆ ಓದುಗರು ಶ್ರೀರಂಗಪಟ್ಟಣದ ಕಡೆಯ ಶಾಸನಗಳಿಗೆ ಹೋಗಿ ತಲುಪುತ್ತಾರೆ. ಜನಗಣತಿಯ ಅಂಕಿಗಳೂ ಕಂದಾಯ ಗ್ರಾಮದ ಹೆಸರಿನಲ್ಲಿ ಇರುತ್ತವೆ. ನಾವು ಬಾಯಲ್ಲಿ ಕರೆಯುವ ಊರಿನ ಹೆಸರು ಅದೇ ಆಗಿರಬೇಕೆಂದಿಲ್ಲ.

ನಮ್ಮ ಭಾಗದ ಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳುವ ವಿಷಯ ಮಳೆ. ಇದಕ್ಕೆ ಉತ್ತಮ ಆಧಾರ ದೂರದಲ್ಲಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕಗಳನ್ನು ಇರಿಸಿದೆ. ಅದಕ್ಕೂ ಮೊದಲಿನ ಲೆಕ್ಕ ಕಾಫಿ ತೋಟಗಳ ಮಳೆ ಪುಸ್ತಕಗಳಲ್ಲಿದೆ; ಎಷ್ಟೋ ಮನೆಗಳಲ್ಲಿ ತಾತನ ಕಾಲದಿಂದ ದಿನವೂ ಬರೆದಿಟ್ಟಿದ್ದಾರೆ. ಆದರೆ ತೋಟದ ಲೆಕ್ಕ ಇಂಚು, ಸೆಂಟಿನಲ್ಲಿ; ಸರ್ಕಾರದ್ದು ಮಿಲಿಮೀಟರಿನಲ್ಲಿ. ‘ಎರಡು ಇಂಚು ಹತ್ತು ಸೆಂಟು’ ಎಂದರೆ 2.10 ಇಂಚು, ಅಂದರೆ 53.34 ಮಿಲಿಮೀಟರ್. ದಿನದ ಲೆಕ್ಕದಲ್ಲಿಯೂ ಎಚ್ಚರ ಬೇಕು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವುದರಿಂದ ನಿನ್ನೆ ಸಂಜೆ ಸುರಿದ ಮಳೆ ಇಂದಿನ ದಿನಾಂಕದಲ್ಲಿ ದಾಖಲಾಗಿರುತ್ತದೆ. ಎರಡು ಲೆಕ್ಕಗಳು ಹೊಂದದಿದ್ದರೆ ಮಗು ಒಂದನ್ನು ಅಳಿಸಬಾರದು. ಎರಡನ್ನೂ ಬರೆದು, ಯಾವುದು ಎಲ್ಲಿಯದು ಎಂದು ತಿಳಿಸಬೇಕು. ತೋಟದವರು ಪುಸ್ತಕವನ್ನು ಹೊರಗೆ ಕೊಡಲು ಹಿಂಜರಿಯುವುದು ಸಹಜ. ಸದಸ್ಯರು ಒಂದು ಮಾತು ಹೇಳಿದರೆ, ಮಕ್ಕಳನ್ನು ಮನೆಯ ಜಗಲಿಯಲ್ಲಿಯೇ ಕೂರಿಸಿ ಬರೆದುಕೊಳ್ಳಲು ಬಿಡುತ್ತಾರೆ.

ಅಡಿಕೆಯ ಹಳದಿ ಎಲೆ ರೋಗದ ವರದಿಗಳಲ್ಲಿ ಬೇರೊಂದು ಅಪಾಯ ಕಂಡಿದ್ದೇನೆ. ಔಷಧಿ ಮಾರುವವರ ಕರಪತ್ರದ ಸಾಲುಗಳೇ ‘ಪರಿಹಾರ’ ಎಂಬ ಶೀರ್ಷಿಕೆಯಡಿ ಬಂದಿರುತ್ತವೆ. ಈ ರೋಗಕ್ಕೆ ಫೈಟೊಪ್ಲಾಸ್ಮಾ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ; ಪೂರ್ಣ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಕಟಣೆಯನ್ನು ನೋಡಿದ ಮಗು ಹಾಗೆ ಬರೆಯುತ್ತಿರಲಿಲ್ಲ. ಹೇಳುವವರಿಗೆ ಇದರಿಂದ ಲಾಭವುಂಟೇ ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕಲಿಸಿದರೆ, ಆ ವರದಿಯನ್ನು ಮನೆಯಲ್ಲಿ ಓದುವ ಅಪ್ಪನ ಹಣವೂ ಉಳಿದೀತು.

ಇನ್ನು ನಮ್ಮ ಪಾಲಿನ ಕೆಲಸ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ನಮ್ಮ ಇಲಾಖೆಗೆ ವರ್ಗವಾಗಿ, ಇಂದು ‘ಅರಿವು ಕೇಂದ್ರ’ಗಳಾಗಿವೆ. ಮನೆ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುವವರೂ ನಾವೇ. ಪುಸ್ತಕ ಆಯ್ಕೆಯ ಸಮಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಜೊತೆಗೆ ಜಿಲ್ಲಾ ಗ್ಯಾಸೆಟಿಯರ್, ಕನ್ನಡ ನಿಘಂಟು, ನಮ್ಮ ತಾಲ್ಲೂಕಿನ ಲೇಖಕರ ಕೃತಿಗಳೂ ಪಟ್ಟಿಯಲ್ಲಿವೆಯೇ ಎಂದು ದಯವಿಟ್ಟು ಕೇಳಿರಿ. ಬೀರುವಿನ ಬೀಗದ ಕೈ ಮೇಲ್ವಿಚಾರಕರ ಬಳಿಯೇ ಇರಲಿ. ಶಾಲೆ ಬಿಡುವ ಹೊತ್ತಿನಲ್ಲಿ ಬಾಗಿಲು ತೆರೆದಿರಲಿ. ಬೆಳಗಿನ ವೇಳೆ ಮಾತ್ರ ತೆರೆಯುವ ಕೇಂದ್ರದಿಂದ ಶಾಲೆಯ ಮಕ್ಕಳಿಗೆ ಉಪಯೋಗವಿಲ್ಲ.

ಪಂಚಾಯಿತಿಯ ನೀರು ಸರಬರಾಜು, ಕಾಮಗಾರಿ, ಗ್ರಾಮಸಭೆಯ ನಡಾವಳಿಗಳನ್ನು ಮಕ್ಕಳು ಕೇಳಿದರೆ ನೋಡಲು ಕೊಡಬಹುದು. ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆ ಇರುವ ಪುಟಗಳನ್ನು ಮಾತ್ರ ಕೊಡಬಾರದು. ವಹಿಯ ಹೆಸರು, ವರ್ಷ, ಪುಟ, ನೋಡಿದ ದಿನಾಂಕವನ್ನು ಮಗುವೇ ಬರೆದುಕೊಳ್ಳಲಿ. ಅದರ ಕೆಳಗೆ ಕಚೇರಿಯ ಮೊಹರು ಒತ್ತಿಕೊಡಲು ನನ್ನ ಅಭ್ಯಂತರವಿಲ್ಲ. ಮುಂದಿನ ಮಕ್ಕಳ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಅರಿವು ಕೇಂದ್ರದ ವೇಳಾಪಟ್ಟಿಯನ್ನು ಸೇರಿಸಿ, ಯಾವ ಹೊತ್ತು ಅನುಕೂಲವೆಂದು ಮಕ್ಕಳನ್ನೇ ಕೇಳಿ, ಆ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರುತ್ತೇನೆ.