ಸ್ತ್ರೀಯರ ಹೃದಯ ಪರೀಕ್ಷೆಯೂ ಗೃಹಕೃತ್ಯದ ಕೆಲವು ತಿದ್ದುಪಾಟುಗಳೂ

ಹೃದ್ರೋಗವು ಗಂಡಸರಿಗೆ, ಅದರಲ್ಲಿಯೂ ಕುಳಿತು ದುಡಿಯುವ ಸ್ಥಿತಿವಂತರಿಗೆ ಬರತಕ್ಕ ರೋಗವೆಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. ಮನೆಮನೆಯ ಪಾತ್ರೆ ತೊಳೆಯುವವಳನ್ನೂ ಬೀಡಿ ಕಟ್ಟುವವಳನ್ನೂ ಆ ರೋಗದೊಡನೆ ಸೇರಿಸಿ ಯಾರೂ ಯೋಚಿಸುವುದಿಲ್ಲ; ಅವರು ತಾವೇ ಯೋಚಿಸುವುದಿಲ್ಲ. ಆದರೆ ಹೃದಯದ ಮತ್ತು ರಕ್ತನಾಳಗಳ ರೋಗಗಳೇ ಈಗ ಲೋಕದಲ್ಲಿ ಸ್ತ್ರೀಯರ ಮರಣಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿವೆ.

ಇವುಗಳ ತಡೆಗಾಗಿ ಭಾರತ ಸರ್ಕಾರವು 2010ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯು ಬಂದು ಒಂದು ನಮೂನೆಯನ್ನು ತುಂಬಿಸಿಕೊಳ್ಳುತ್ತಾಳೆ. ವಯಸ್ಸು, ಹೊಗೆಸೊಪ್ಪಿನ ಅಭ್ಯಾಸ, ವಂಶದಲ್ಲಿ ರೋಗ, ಅಡಿಗೆಯ ಇಂಧನ ಇವೆಲ್ಲವನ್ನೂ ಕೇಳಿ, ಸೊಂಟದ ಸುತ್ತಳತೆಯನ್ನು ತೆಗೆದುಕೊಳ್ಳುತ್ತಾಳೆ. ಸ್ತ್ರೀಯರಿಗೆ ಅದು 80 ಸೆಂಟಿಮೀಟರನ್ನು ಮೀರಬಾರದು. ಬಳಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡುತ್ತಾರೆ.

ರಕ್ತದೊತ್ತಡವನ್ನು ಅಳೆಯುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ತಿಳಿದಿರುವುದು ಒಳ್ಳೆಯದು. ಅರ್ಧ ತಾಸಿನೊಳಗೆ ಕಾಫಿ ಕುಡಿದಿರಬಾರದು. ಐದು ನಿಮಿಷ ಬೆನ್ನಿಗೆ ಆಧಾರಕೊಟ್ಟು, ಮಾತನಾಡದೆ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿ ಒರಗಿರಬೇಕು. ಪಟ್ಟಿಯನ್ನು ಬರಿಯ ತೋಳಿಗೇ ಕಟ್ಟತಕ್ಕದ್ದು. ಇಲ್ಲಿಯೇ ತೊಡಕು. ನಮ್ಮ ಸ್ತ್ರೀಯರ ರವಿಕೆಯ ತೋಳು ಬಿಗಿ. ಗಂಡಸರು ಓಡಾಡುವ ಜಗಲಿಯ ಮೇಲೆ ಶಿಬಿರವಿಟ್ಟರೆ ಅವರು ಅದನ್ನು ಸಡಿಲಿಸಲಾರರು. ಮೇಲಕ್ಕೆ ಮಡಚಿದರೆ ತೋಳು ಬಿಗಿದು ಅಳತೆ ಕೆಡುವುದು. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದರೆ ತೀರುವ ತೊಂದರೆಯಿದು. ಆದರೂ ದೊಡ್ಡ ಫಲಕ, ಹೂಮಾಲೆ, ಭಾಷಣ ಎಲ್ಲವೂ ಇರುವ ಶಿಬಿರಗಳಲ್ಲಿ ಆ ಒಂದು ಮರೆ ಮಾತ್ರ ಇರುವುದಿಲ್ಲ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ವೈದ್ಯರು ಅದನ್ನು ಅಧಿಕ ಒತ್ತಡವೆಂದು ಎಣಿಸುತ್ತಾರೆ.

ಇನ್ನು ಬುದ್ಧಿಮಾತಿನ ವಿಷಯ. ದಿನಗೂಲಿಯವಳಿಗೆ ಸೇಬು ತಿನ್ನೆಂದೂ ಉದ್ಯಾನದಲ್ಲಿ ನಡೆದಾಡೆಂದೂ ಹೇಳುವುದು ನಮಗೆ ಹಾಸ್ಯವಾಗಿ ತೋರುತ್ತದೆ. ಅವಳ ಅಡಿಗೆಮನೆಯೊಳಗೇ ಹೊಕ್ಕು ಮಾತನಾಡಬೇಕು. ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚೆ, ಎಂದರೆ 5 ಗ್ರಾಂ ಉಪ್ಪು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವುಗಳ ಉಪ್ಪೂ ಈ ಲೆಕ್ಕದೊಳಗೇ ಸೇರಿತು. ಎಲ್ಲರ ಊಟ ಮುಗಿದ ಮೇಲೆ ಪಲ್ಯವಿಲ್ಲದೆ ಉಪ್ಪಿನಕಾಯಿಯೊಡನೆ ಉಣ್ಣುವ ಮನೆಯೊಡತಿಗೆ ಈ ಲೆಕ್ಕವು ಮೊದಲು ತಪ್ಪುತ್ತದೆ. ಮಜ್ಜಿಗೆಗೆ ಉಪ್ಪನ್ನು ಬಿಟ್ಟು ಕರಿಬೇವು, ಶುಂಠಿ ಹಾಕಬಹುದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕಿಕೊಳ್ಳುವವಳು ಅದನ್ನು ಬಿಡಲೇಬೇಕು. ಹಸಿವನ್ನು ಮರೆಯಲು ಹಾಕಿಕೊಳ್ಳುವವರೂ ಉಂಟಾದುದರಿಂದ, ಗದರಿಸಿದರೆ ಪ್ರಯೋಜನವಿಲ್ಲ.

ಬಸುರಿನಲ್ಲಿ ರಕ್ತದೊತ್ತಡ ಏರಿ ಕಾಲುಬಾವು ಬಂದವರು ಹೆರಿಗೆಯೊಡನೆ ಅದೆಲ್ಲ ಮುಗಿಯಿತೆಂದು ಮರೆಯುತ್ತಾರೆ. ಅವರಿಗೆ ಮುಂದೆ ಹೃದ್ರೋಗದ ಭಯ ಇತರರಿಗಿಂತ ಹೆಚ್ಚು; ವೈದ್ಯರಿಗೆ ಈ ಸಂಗತಿಯನ್ನು ತಾವಾಗಿಯೇ ಹೇಳತಕ್ಕದ್ದು. ಹೃದಯಾಘಾತದಲ್ಲಿ ಎದೆನೋವು ಸ್ತ್ರೀಯರಿಗೂ ಬರುತ್ತದೆ. ಆದರೆ ಉಬ್ಬಸ, ವಾಕರಿಕೆ, ದವಡೆಯ ಅಥವಾ ಬೆನ್ನಿನ ನೋವು, ಎಂದೂ ಇಲ್ಲದ ಆಯಾಸ ಇವೂ ಅದರ ಗುರುತುಗಳಾಗಬಹುದು. ಇದನ್ನು ವಾಯುವೆಂದು ತಿಳಿದು ಓಮದ ಕಷಾಯ ಕುಡಿಸಿ ಮಲಗಿಸುವುದರಲ್ಲಿ ಕಳೆಯುವ ತಾಸುಗಳೇ ಪ್ರಾಣಕ್ಕೆ ಮುಳುವಾಗುತ್ತವೆ.

ಪರೀಕ್ಷೆಯಾದ ಮೇಲೆ ಮಾತ್ರೆಯನ್ನು ಬಿಡದೆ ನುಂಗುವುದೇ ಕಷ್ಟವಾದ ಭಾಗ. ಮೈಯಲ್ಲಿ ನೋವಿಲ್ಲವಾದುದರಿಂದ ಎರಡು ತಿಂಗಳಲ್ಲಿ ನಿಲ್ಲಿಸಿಬಿಡುತ್ತಾರೆ. ಸರ್ಕಾರಿ ಕೇಂದ್ರದಲ್ಲಿ ಮಾತ್ರೆಗೆ ಹಣವಿಲ್ಲ, ಆದರೆ ತರಲು ಹೋದ ದಿನದ ಕೂಲಿ ಹೋಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗೆಲಸದವಳಿಗೆ ತಿಂಗಳಿಗೊಮ್ಮೆ ಸಂಬಳ ಹಿಡಿಯದೆ ಅರ್ಧ ದಿನ ಬಿಡುವು ಕೊಡಲಿ. ಓದುಬಾರದವಳಾದರೆ, ಬೆಳಗಿನ ಮಾತ್ರೆಯ ಪೊಟ್ಟಣದ ಮೇಲೆ ಸೂರ್ಯನನ್ನೂ ರಾತ್ರಿಯದರ ಮೇಲೆ ಚಂದ್ರನನ್ನೂ ಬರೆದುಕೊಡಬಹುದು.