ಒಂದೇ ಲಕ್ಷಣ, ಎರಡು ರೋಗ

ಬೆಳಗಿನ ಹೊತ್ತು. ಮನೆಯ ಹಿರಿಯರೊಬ್ಬರು ಜಗುಲಿಯ ಮೇಲೆ ಕುಳಿತು ಕಾಫಿಯ ಲೋಟವನ್ನು ಎತ್ತಿಕೊಳ್ಳುತ್ತಾರೆ. ಲೋಟ ಕೈಯಿಂದ ಜಾರಿ ಬೀಳುತ್ತದೆ. ಏನನ್ನೋ ಹೇಳಲು ಬಾಯಿ ತೆರೆಯುತ್ತಾರೆ, ಮಾತು ತೊದಲುತ್ತದೆ. ಬಾಯಿಯ ಒಂದು ಅಂಚು ಕೆಳಕ್ಕೆ ಜೋತುಬೀಳುತ್ತದೆ. ಏಳಲು ಯತ್ನಿಸಿದರೆ ಒಂದು ಕಾಲು ನೆಲದ ಮೇಲೆ ಊರದು. ಗಳಿಗೆಯ ಹಿಂದೆ ಆರೋಗ್ಯವಾಗಿದ್ದವರ ಅರ್ಧ ಶರೀರ ಈಗ ಅವರ ಅಧೀನದಲ್ಲಿಲ್ಲ. ಕನ್ನಡ ನಾಡಿನ ಜನ ಇದನ್ನು 'ಲಕ್ವ ಹೊಡೆಯಿತು' ಎನ್ನುತ್ತಾರೆ. ಗ್ರಂಥಭಾಷೆಯಲ್ಲಿ ಇದಕ್ಕೆ ಪಾರ್ಶ್ವವಾಯು ಎಂದು ಹೆಸರು. ಪ್ರಾಚೀನ ಗ್ರೀಕರು ಈ ರೋಗಕ್ಕೆ ಇಟ್ಟಿದ್ದ ಹೆಸರಿಗೂ 'ಹೊಡೆದು ಕೆಡಹುವುದು' ಎಂಬುದೇ ಅರ್ಥ. ಕೈಕಾಲುಗಳಲ್ಲಿ ಕಾಣುವ ಈ ಹೊಡೆತ ಬಿದ್ದಿರುವುದು ಮಾತ್ರ ಮಿದುಳಿಗೆ. ಈ ಸಂಗತಿಯನ್ನು ಸ್ಪಷ್ಟವಾಗಿ ಅರಿಯಲು ಮಾನವನಿಗೆ ಶತಮಾನಗಳೇ ಬೇಕಾದುವು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದೊಂದಕ್ಕೇ ಬೇಕು. ಆಮ್ಲಜನಕವನ್ನಾಗಲಿ ಸಕ್ಕರೆಯನ್ನಾಗಲಿ ಮಿದುಳು ಕೂಡಿಟ್ಟುಕೊಳ್ಳಲಾರದು. ಅಂದಿನ ಗಳಿಕೆಯನ್ನು ಅಂದೇ ಉಣ್ಣುವ ಕೂಲಿಕಾರನಂತೆ ಅದು ಪ್ರತಿಕ್ಷಣವೂ ಹರಿದುಬರುವ ರಕ್ತವನ್ನೇ ನಂಬಿ ಬದುಕುತ್ತದೆ. ಕತ್ತಿನ ಮೂಲಕ ಏರಿ ಬರುವ ನಾಲ್ಕು ಮುಖ್ಯ ಅಪಧಮನಿಗಳು ಈ ರಕ್ತವನ್ನು ತಂದೊದಗಿಸುತ್ತವೆ. ಮಿದುಳಿನ ಎಡಭಾಗವು ಶರೀರದ ಬಲಭಾಗವನ್ನೂ ಬಲಭಾಗವು ಎಡಭಾಗವನ್ನೂ ನಡೆಸುತ್ತದೆ. ಆದ್ದರಿಂದಲೇ ಮಿದುಳಿನ ಒಂದು ಮಗ್ಗುಲಿಗೆ ಕೇಡಾದರೆ ಶರೀರದ ಇನ್ನೊಂದು ಮಗ್ಗುಲು ಸ್ವಾಧೀನ ತಪ್ಪುತ್ತದೆ.

ಈ ಕೇಡು ಎರಡು ಬಗೆಯಲ್ಲಿ ಉಂಟಾಗಬಹುದು. ಗದ್ದೆಗೆ ನೀರುಣಿಸುವ ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಪೈರು ಒಣಗುತ್ತದೆ. ಕಾಲುವೆಯ ದಂಡೆಯೇ ಒಡೆದರೆ ಪೈರು ನೀರಿನಲ್ಲಿ ಮುಳುಗುತ್ತದೆ. ಹಾಗೆಯೇ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ ಮುಂದಿನ ಭಾಗ ರಕ್ತವಿಲ್ಲದೆ ಸಾಯುತ್ತದೆ. ಇದು ರಕ್ತನಾಳ ಕಟ್ಟಿಕೊಳ್ಳುವುದರಿಂದ ಬರುವ ಪಾರ್ಶ್ವವಾಯು. ರಕ್ತನಾಳ ಒಡೆದು ರಕ್ತವು ಮಿದುಳಿನೊಳಗೆ ನುಗ್ಗಿದರೆ ಅದು ಮಿದುಳಿನ ರಕ್ತಸ್ರಾವ. ಪ್ರಪಂಚದಲ್ಲಿ ಕಾಣಿಸಿಕೊಳ್ಳುವ ಪಾರ್ಶ್ವವಾಯುಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಮೊದಲನೆಯ ಬಗೆಯವು. ಉಳಿದವು ಎರಡನೆಯ ಬಗೆಯವು. ಒಂದರಲ್ಲಿ ರಕ್ತದ ಹೆಪ್ಪನ್ನು ಕರಗಿಸಬೇಕು. ಇನ್ನೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲಬೇಕು. ಒಂದರ ಮದ್ದು ಇನ್ನೊಂದಕ್ಕೆ ವಿಷವಾದೀತು. ಆದರೆ ಹೊರಗೆ ನಿಂತು ನೋಡುವವನಿಗೆ ಎರಡರ ಲಕ್ಷಣವೂ ಬಹುಮಟ್ಟಿಗೆ ಒಂದೇ: ಅದೇ ಸೊಟ್ಟಬಾಯಿ, ಅದೇ ಬಿದ್ದ ಕೈ, ಅದೇ ತೊದಲು ಮಾತು. ಪಾರ್ಶ್ವವಾಯುವಿನ ಸಂಶೋಧನೆಯ ಕಥೆಯೆಂದರೆ ಈ ಎರಡು ರೋಗಗಳನ್ನು ಬೇರ್ಪಡಿಸಿ ಅರಿತ ಕಥೆ.

ಪಾಶ್ಚಾತ್ಯ ವೈದ್ಯರು ಬಹುಕಾಲ ಮಿದುಳಿನ ಕುಹರಗಳಲ್ಲಿ ಕಫ ತುಂಬುವುದರಿಂದ ಈ ರೋಗ ಬರುವುದೆಂದು ನಂಬಿದ್ದರು. ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಪಟ್ಟಣದ ವೈದ್ಯನಾಗಿದ್ದ ಯೋಹಾನ್ ಯಾಕೊಬ್ ವೆಪ್ಫರ್ ಈ ನಂಬಿಕೆಯನ್ನು ಕಣ್ಣಾರೆ ಪರೀಕ್ಷಿಸಲು ಹೊರಟನು. ಈ ರೋಗದಿಂದ ಸತ್ತವರ ಶವಗಳನ್ನು ಸೀಳಿ ನೋಡಿದಾಗ ಅವನಿಗೆ ಮಿದುಳಿನಲ್ಲಿ ಕಂಡದ್ದು ಕಫವಲ್ಲ, ಚೆಲ್ಲಿದ ರಕ್ತ. 1658ರಲ್ಲಿ ಅವನು ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ರಕ್ತನಾಳ ಕಟ್ಟಿಕೊಳ್ಳುವುದರಿಂದಲೂ ಇದೇ ರೋಗ ಬರಬಹುದೆಂದು ಅವನು ಊಹಿಸಿದ್ದನು.

ಆರು ವರ್ಷಗಳ ತರುವಾಯ, 1664ರಲ್ಲಿ, ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಮಿದುಳಿನ ರಚನೆಯನ್ನು ಕುರಿತ ಗ್ರಂಥವನ್ನು ಹೊರತಂದನು. ಮಿದುಳಿನ ಬುಡದಲ್ಲಿ ಅಪಧಮನಿಗಳು ಒಂದನ್ನೊಂದು ಕೂಡಿ ಬಳೆಯಂತೆ ಇರುವುದನ್ನು ಅವನು ಅದರಲ್ಲಿ ವಿವರಿಸಿದನು. ಒಬ್ಬ ಮನುಷ್ಯನ ಕತ್ತಿನ ಒಂದು ಅಪಧಮನಿ ಪೂರ್ತಿಯಾಗಿ ಮುಚ್ಚಿಹೋಗಿದ್ದರೂ ಅವನಿಗೆ ಪಾರ್ಶ್ವವಾಯು ಬಂದಿರಲಿಲ್ಲ. ಅದೇ ಮಗ್ಗುಲಿನ ಇನ್ನೊಂದು ನಾಳ ಹಿಗ್ಗಿ ಅದರ ಕೆಲಸವನ್ನು ವಹಿಸಿಕೊಂಡಿತ್ತು. ಒಂದು ದಾರಿ ಮುಚ್ಚಿದರೆ ಮತ್ತೊಂದು ದಾರಿಯಿಂದ ರಕ್ತ ತಲುಪಲೆಂದು ನಿಸರ್ಗವೇ ಮಾಡಿರುವ ಏರ್ಪಾಡು ಇದು. ಆ ಬಳೆ ಇಂದಿಗೂ ವಿಲ್ಲಿಸನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ರುಡಾಲ್ಫ್ ವಿರ್ಖೋ ಇನ್ನೊಂದು ಹೆಜ್ಜೆ ಮುಂದಿಟ್ಟನು. ದೇಹದಲ್ಲಿ ಒಂದೆಡೆ ಹೆಪ್ಪುಗಟ್ಟಿದ ರಕ್ತವು ಪ್ರವಾಹದೊಡನೆ ತೇಲಿಹೋಗಿ ದೂರದ ನಾಳದಲ್ಲಿ ಸಿಕ್ಕಿಕೊಳ್ಳಬಲ್ಲದೆಂದು ಅವನು ತೋರಿಸಿಕೊಟ್ಟನು.

ಇಷ್ಟಾದರೂ ರೋಗಿಗೆ ದೊರೆತ ನೆರವು ಅತ್ಯಲ್ಪ. ಮಿದುಳಿನಲ್ಲಿ ನಾಳ ಕಟ್ಟಿತ್ತೋ ಒಡೆದಿತ್ತೋ ಎಂಬುದು ನಿಶ್ಚಯವಾಗಿ ತಿಳಿಯುತ್ತಿದ್ದುದು ಹೆಚ್ಚಾಗಿ ಶವಪರೀಕ್ಷೆಯಲ್ಲಿ. ಸತ್ತ ಮೇಲೆ ತಿಳಿದ ಸತ್ಯ ಸತ್ತವನಿಗೆ ಉಪಯೋಗವಾಗದು. ತಲೆಬುರುಡೆಯನ್ನು ತೆರೆಯದೆ ಬದುಕಿರುವವನ ಮಿದುಳನ್ನು ನೋಡುವ ಉಪಾಯವನ್ನು ಕಂಡುಹಿಡಿದವನು ವೈದ್ಯನಲ್ಲ, ಎಂಜಿನಿಯರ್. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇ.ಎಂ.ಐ. ಎಂಬ ಇಂಗ್ಲಿಷ್ ಕಂಪನಿಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದನು. ತಲೆಯ ಮೂಲಕ ನಾನಾ ಕೋನಗಳಿಂದ ಕ್ಷ-ಕಿರಣಗಳನ್ನು ಹಾಯಿಸಿ, ಅವು ಎಷ್ಟೆಷ್ಟು ಕುಂದುತ್ತವೆಂದು ಅಳೆದು, ಆ ಲೆಕ್ಕದಿಂದ ಗಣಕಯಂತ್ರವು ಮಿದುಳಿನ ಚಿತ್ರವನ್ನು ರಚಿಸುವಂತೆ ಅವನು ಮಾಡಿದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರವನ್ನು ಹೀಗೆ ತೆಗೆಯಲಾಯಿತು. ಇದೇ ಸಿ.ಟಿ. ಸ್ಕ್ಯಾನ್. ಇದರ ಗಣಿತವನ್ನು ಪ್ರತ್ಯೇಕವಾಗಿ ಸಾಧಿಸಿದ್ದ ಭೌತವಿಜ್ಞಾನಿ ಅಲನ್ ಕಾರ್ಮಕ್‌ನಿಗೂ ಹೌನ್ಸ್‌ಫೀಲ್ಡ್‌ನಿಗೂ 1979ರ ನೊಬೆಲ್ ಪಾರಿತೋಷಕ ದೊರೆಯಿತು. ಆಗತಾನೆ ಚೆಲ್ಲಿದ ರಕ್ತ ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಶತಮಾನಗಳ ಕಾಲ ಒಂದೇ ಮುಖ ತೋರಿಸುತ್ತಿದ್ದ ಎರಡು ರೋಗಗಳು ಕೆಲವೇ ನಿಮಿಷಗಳಲ್ಲಿ ಬೇರೆಬೇರೆಯಾಗಿ ಕಾಣತೊಡಗಿದುವು.

ರೋಗದ ಬಗೆ ತಿಳಿದ ಮೇಲೆ ಹೆಪ್ಪನ್ನು ಕರಗಿಸುವ ಯತ್ನಗಳು ಮೊದಲಾದುವು. ಈ ಹಾದಿ ಸುಗಮವಾಗಿರಲಿಲ್ಲ. ಹೃದಯಾಘಾತದಲ್ಲಿ ಪ್ರಯೋಜನಕಾರಿಯಾಗಿದ್ದ ಸ್ಟ್ರೆಪ್ಟೊಕೈನೇಸ್ ಎಂಬ ಔಷಧಿಯನ್ನು 1990ರ ದಶಕದಲ್ಲಿ ಪಾರ್ಶ್ವವಾಯುವಿನಲ್ಲಿ ಪರೀಕ್ಷಿಸಿದಾಗ ಮಿದುಳಿನ ರಕ್ತಸ್ರಾವವೂ ಸಾವುಗಳೂ ಹೆಚ್ಚಾದುವು; ಆ ಪ್ರಯೋಗಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ರಕ್ತನಾಳದ ಗೋಡೆಯ ಕೋಶಗಳು ತಾವೇ ಉತ್ಪತ್ತಿ ಮಾಡುವ ಟಿ.ಪಿ.ಎ. ಎಂಬ ವಸ್ತುವನ್ನು ಅಮೆರಿಕದಲ್ಲಿ 624 ರೋಗಿಗಳ ಮೇಲೆ ಪರೀಕ್ಷಿಸಿ 1995ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ರೋಗ ಕಾಣಿಸಿಕೊಂಡ ಮೂರು ಗಂಟೆಗಳೊಳಗೆ ಈ ಔಷಧಿಯನ್ನು ಪಡೆದವರಲ್ಲಿ, ಮೂರು ತಿಂಗಳ ಅನಂತರ ಊನವಿಲ್ಲದೆ ಅಥವಾ ಅಲ್ಪ ಊನದೊಡನೆ ಉಳಿದವರ ಪ್ರಮಾಣ ಔಷಧಿ ಪಡೆಯದವರಿಗಿಂತ ನೂರಕ್ಕೆ 30ರಷ್ಟಾದರೂ ಅಧಿಕವಾಗಿತ್ತು. ಆದರೆ ಔಷಧಿ ಪಡೆದವರಲ್ಲಿ ನೂರಕ್ಕೆ 6ಕ್ಕಿಂತ ಹೆಚ್ಚು ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಪಡೆಯದವರಲ್ಲಿ ಹೀಗಾದುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೀಗೆ ಹೆಪ್ಪನ್ನು ಕರಗಿಸುವ ಮದ್ದು ಸ್ರಾವವನ್ನೂ ತರಬಲ್ಲದು. ಲಾಭ ಹಾನಿಗಳನ್ನು ತೂಗಿ ನೋಡಿಯೇ ವೈದ್ಯರು ಅದನ್ನು ಕೊಡಬೇಕಾಗುತ್ತದೆ.

ತಕ್ಕಡಿ ಯಾವ ಕಡೆಗೆ ವಾಲುವುದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾಲ. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುವುವೆಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದನು. ಟಿ.ಪಿ.ಎ. ನೀಡುವ ಅವಧಿಯನ್ನು ನಾಲ್ಕೂವರೆ ಗಂಟೆಗಳವರೆಗೆ ವಿಸ್ತರಿಸಬಹುದೆಂದು ಯುರೋಪಿನ ಪ್ರಯೋಗವೊಂದು 2008ರಲ್ಲಿ ತಿಳಿಸಿತು. ದೊಡ್ಡ ಹೆಪ್ಪುಗಳು ಮಾತ್ರ ಔಷಧಿಗೆ ಸುಲಭವಾಗಿ ಕರಗಲಿಲ್ಲ. ತೊಡೆಸಂದಿಯ ಅಪಧಮನಿಯಿಂದ ತೆಳುವಾದ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ ಹೆಪ್ಪನ್ನು ಹೊರಗೆಳೆಯುವ ವಿಧಾನವನ್ನು ವೈದ್ಯರು ರೂಪಿಸಿದರು. 2013ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳು ಇದರಿಂದ ವಿಶೇಷ ಲಾಭವಿಲ್ಲವೆಂದು ಸಾರಿದುವು. ಸಂಶೋಧಕರು ಧೈರ್ಯಗೆಡಲಿಲ್ಲ; ಸಾಧನವನ್ನು ಉತ್ತಮಪಡಿಸಿದರು, ತಕ್ಕ ರೋಗಿಗಳನ್ನು ಚಿತ್ರಗಳ ನೆರವಿನಿಂದ ಆರಿಸಿದರು. ನೆದರ್‌ಲ್ಯಾಂಡ್ಸ್ ದೇಶದಲ್ಲಿ 500 ರೋಗಿಗಳ ಮೇಲೆ ನಡೆದು 2015ರ ಆರಂಭದಲ್ಲಿ ಮುದ್ರಿತವಾದ ಪ್ರಯೋಗದಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 33 ಮಂದಿ ಪರರ ಆಸರೆಯಿಲ್ಲದೆ ಬದುಕುವಂತಾದರು. ಪಡೆಯದವರಲ್ಲಿ ಹೀಗಾದವರು ನೂರಕ್ಕೆ 19 ಮಂದಿ. ಆಯ್ದ ಕೆಲವು ರೋಗಿಗಳಿಗೆ 24 ಗಂಟೆಗಳವರೆಗೂ ಇದು ಫಲಕಾರಿಯೆಂದು 2018ರ ಹೊತ್ತಿಗೆ ತಿಳಿದುಬಂದಿತು.

ರಕ್ತಸ್ರಾವದ ಚಿಕಿತ್ಸೆ ಇದಕ್ಕಿಂತ ಕಠಿನ. ಚೆಲ್ಲಿದ ರಕ್ತ ಮಿದುಳನ್ನು ಒತ್ತುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸ್ರಾವ ಇನ್ನೂ ಹೆಚ್ಚಾಗಬಹುದು. ಈ ರೋಗದಲ್ಲಿ ಯಾವುದೊಂದು ಮದ್ದೂ ಅದ್ಭುತವನ್ನು ಸಾಧಿಸಲಿಲ್ಲ. ಆದರೆ ಭಾರತವೂ ಸೇರಿದಂತೆ ಹತ್ತು ದೇಶಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ಆಶಾದಾಯಕವಾದ ಮಾರ್ಗವನ್ನು ತೋರಿತು. ಏರಿದ ರಕ್ತದೊತ್ತಡವನ್ನು ಬೇಗನೆ ಇಳಿಸುವುದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಜ್ವರವನ್ನು ತಗ್ಗಿಸುವುದು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿಯನ್ನು ರೋಗಿ ಮೊದಲೇ ಸೇವಿಸುತ್ತಿದ್ದರೆ ಅದರ ಪ್ರಭಾವವನ್ನು ಅಳಿಸುವುದು: ಈ ಸಾಮಾನ್ಯ ಕ್ರಮಗಳನ್ನು ಒಟ್ಟಿಗೆ, ತಡಮಾಡದೆ ಕೈಗೊಂಡಾಗ ರೋಗಿಗಳ ಸ್ಥಿತಿ ಉತ್ತಮಗೊಂಡಿತು.

ಆಘಾತದ ಮೊದಲ ದಿನ ಕಳೆದರೂ ಅಪಾಯ ಕಳೆಯುವುದಿಲ್ಲ. ರಕ್ತವಿಲ್ಲದೆ ಸತ್ತ ಭಾಗ ಊದಿಕೊಂಡು, ಗಟ್ಟಿಯಾದ ಬುರುಡೆಯೊಳಗೆ ಸ್ಥಳ ಸಾಲದೆ, ಉಳಿದ ಮಿದುಳನ್ನೂ ಅದುಮಬಹುದು. ಅಂಥವರಲ್ಲಿ ಬುರುಡೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ತೆಗೆದಿಟ್ಟರೆ ಅನೇಕರ ಪ್ರಾಣ ಉಳಿಯುವುದೆಂದು ಯುರೋಪಿನ ಮೂರು ಪ್ರಯೋಗಗಳ ಒಟ್ಟು ಫಲಿತಾಂಶ 2007ರಲ್ಲಿ ತಿಳಿಸಿತು. ನುಂಗುವ ಶಕ್ತಿ ಕುಂದಿದವರಲ್ಲಿ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಮಲಗಿದ್ದಲ್ಲಿಯೇ ಇದ್ದರೆ ಮೈಯಲ್ಲಿ ಹುಣ್ಣಾಗಬಹುದು. ಮನಸ್ಸು ಕುಗ್ಗುವುದೂ ಉಂಟು. ಅಂಗಸಾಧನೆಯಿಂದಲೂ ಮಾತಿನ ಅಭ್ಯಾಸದಿಂದಲೂ ಕಳೆದುಹೋದ ಶಕ್ತಿ ಎಷ್ಟೋ ಮಟ್ಟಿಗೆ ಮರಳುತ್ತದೆ. ಮನೆಯವರಿಗೇ ತರಬೇತಿ ಕೊಟ್ಟು ಈ ಅಭ್ಯಾಸ ಮಾಡಿಸಿದರೆ ಹೇಗೆಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಲಾಯಿತು. ರೂಢಿಯ ಆರೈಕೆಗಿಂತ ಹೆಚ್ಚಿನ ಫಲ ಕಾಣಲಿಲ್ಲವೆಂದು 2017ರಲ್ಲಿ ಸಂಶೋಧಕರು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಬಯಸಿದ ಉತ್ತರ ಬಾರದಿದ್ದಾಗಲೂ ಬಂದ ಉತ್ತರವನ್ನು ಲೋಕದ ಮುಂದಿಡುವುದೇ ವಿಜ್ಞಾನದ ಧರ್ಮ.

ಇಷ್ಟೆಲ್ಲ ಸಾಧನೆಯ ಫಲ ರೋಗಿಗೆ ತಲುಪುವುದು ಅವನ ಬಳಿಯಲ್ಲಿರುವವರ ಎಚ್ಚರದಿಂದ. ಮುಖ ಒಂದು ಕಡೆಗೆ ಸೊಟ್ಟಗಾಗಿದೆಯೇ? ಎರಡು ತೋಳುಗಳನ್ನು ಎತ್ತಿದಾಗ ಒಂದು ಕೆಳಗಿಳಿಯುತ್ತದೆಯೇ? ಮಾತು ತೊದಲುತ್ತಿದೆಯೇ? ಇವುಗಳಲ್ಲಿ ಒಂದು ಇದ್ದರೂ ಗಡಿಯಾರವನ್ನು ನೋಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ನೆನಪಿಟ್ಟುಕೊಂಡು, 108ಕ್ಕೆ ಕರೆಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಲಕ್ಷಣಗಳು ತಾವಾಗಿಯೇ ಮಾಯವಾದರೂ ಅಲಕ್ಷಿಸಕೂಡದು. ಅದು ಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ರೋಗಿಯ ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬಾರದು. ಆಸ್ಪಿರಿನ್ ಮಾತ್ರೆ ನಾಳ ಕಟ್ಟಿಕೊಂಡವರಿಗೆ ಹಿತವಾದರೂ ರಕ್ತಸ್ರಾವವಾದವರಿಗೆ ಕೇಡು ಮಾಡಬಹುದು. ಎರಡರಲ್ಲಿ ಯಾವುದೆಂದು ಚಿತ್ರ ತೆಗೆಯುವ ಮುನ್ನ ಯಾರೂ ಹೇಳಲಾರರು. ಎಣ್ಣೆ ತಿಕ್ಕುತ್ತಲೋ 'ಸಂಜೆಯವರೆಗೆ ನೋಡೋಣ' ಎನ್ನುತ್ತಲೋ ಕಳೆದ ಗಂಟೆಗಳು ಮರಳಿ ಬಾರವು.

ರೋಗ ಬಂದ ಮೇಲೆ ಓಡುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ರಕ್ತದೊತ್ತಡವನ್ನು ಆಗಾಗ ಪರೀಕ್ಷಿಸಿಕೊಳ್ಳುವುದು, ಉಪ್ಪನ್ನು ಮಿತವಾಗಿ ಬಳಸುವುದು, ಹೊಗೆಸೊಪ್ಪಿನಿಂದ ದೂರವಿರುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು ಎಲ್ಲರ ಕೈಯಲ್ಲಿಯೂ ಇದೆ. ವೆಪ್ಫರನ ಕಾಲದಲ್ಲಿ ಈ ರೋಗಿಯ ಬಳಿ ಕುಳಿತವರು ಕಣ್ಣೀರಿಡುವುದಷ್ಟೇ ಸಾಧ್ಯವಿತ್ತು. ಇಂದು ಜಗುಲಿಯ ಮೇಲೆ ಲೋಟ ಜಾರಿ ಬಿದ್ದ ಸದ್ದನ್ನು ಕೇಳಿ ಓಡಿ ಬರುವ ಮೊಮ್ಮಗಳು ಒಂಬತ್ತನೆಯ ತರಗತಿಯ ಬಾಲಕಿಯಾಗಿದ್ದರೂ, ತಾತನ ಮುಖವನ್ನೂ ಗೋಡೆಯ ಗಡಿಯಾರವನ್ನೂ ಒಟ್ಟಿಗೆ ನೋಡಬಲ್ಲವಳಾದರೆ, ಅವರ ಮಾತನ್ನೂ ನಡಿಗೆಯನ್ನೂ ಉಳಿಸಿಕೊಡಬಲ್ಲಳು.

ಅಭ್ಯಾಸ

ಅ. ಪದಗಳ ಅರ್ಥ
ಅಪಧಮನಿ – ಹೃದಯದಿಂದ ಅಂಗಗಳಿಗೆ ರಕ್ತವನ್ನು ಒಯ್ಯುವ ನಾಳ
ಕುಹರ – ಪೊಳ್ಳಾದ ಸ್ಥಳ
ಸ್ರಾವ – ಸೋರುವಿಕೆ
ಪಾರಿತೋಷಕ – ಬಹುಮಾನ
ಊನ – ಕೊರತೆ, ಅಂಗದ ನ್ಯೂನತೆ

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ
1. ವೆಪ್ಫರನಿಗೆ ಶವಪರೀಕ್ಷೆಯಲ್ಲಿ ಕಂಡದ್ದೇನು?
2. ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಆಗತಾನೆ ಚೆಲ್ಲಿದ ರಕ್ತ ಹೇಗೆ ಕಾಣುತ್ತದೆ?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ
1. ಪಾರ್ಶ್ವವಾಯುವಿನ ಎರಡು ಬಗೆಗಳನ್ನು ಕಾಲುವೆಯ ಹೋಲಿಕೆಯಿಂದ ವಿವರಿಸಿ.
2. ರೋಗಿಗೆ ಮನೆಯಲ್ಲಿಯೇ ಮಾತ್ರೆ ಕೊಡಬಾರದೇಕೆ?

ಈ. ಸಂದರ್ಭದೊಡನೆ ವಿವರಿಸಿ
1. "ಸತ್ತ ಮೇಲೆ ತಿಳಿದ ಸತ್ಯ ಸತ್ತವನಿಗೆ ಉಪಯೋಗವಾಗದು."
2. "ಒಂದರ ಮದ್ದು ಇನ್ನೊಂದಕ್ಕೆ ವಿಷವಾದೀತು."

ಉ. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿ
ರಕ್ತದೊತ್ತಡ, ಹೃದಯಾಘಾತ, ಅತ್ಯಲ್ಪ