ಸಹಿ ಬೀಳದ ರಿಜಿಸ್ಟರು: ಕೋಡ್ ಕವರೇಜ್ ವರದಿಯನ್ನು ಓದುವ ಬಗೆ



ಹಗಲು ಕಛೇರಿಯಲ್ಲಿ ದುಡಿದು ಸಂಜೆ ಕಂಪ್ಯೂಟರ್ ಪಾಠಕ್ಕೆ ಹೋಗುವವರು ನಮ್ಮಲ್ಲಿ ಹಲವರುಂಟು. ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಬೇಕೆಂಬುದು ಕೆಲವರ ಆಸೆ. ಅಂಥವರ ಕೈಗೆ ಬೇಗನೆ ಬರುವ ಕಾಗದವೆಂದರೆ ‘ಕೋಡ್ ಕವರೇಜ್’ ವರದಿ. ಪರೀಕ್ಷೆಯ ಕಾಲದಲ್ಲಿ ಪ್ರೋಗ್ರಾಮಿನ ಯಾವ ಸಾಲು ಎಷ್ಟು ಸಲ ನಡೆಯಿತು, ಯಾವುದು ನಡೆಯಲೇ ಇಲ್ಲ ಎಂಬುದನ್ನು ಅದು ತಿಳಿಸುತ್ತದೆ. ನಡೆಯದ ಸಾಲೆಂದರೆ ಪರೀಕ್ಷೆಯಾಗದ ಸಾಲು. ಆದರೆ ಈ ವರದಿಯೂ ಒಮ್ಮೊಮ್ಮೆ ತಪ್ಪು ಹೇಳುತ್ತದೆ. ಏಕೆಂಬುದೇ ಇಂದಿನ ಪಾಠ.

ನಾವು ಬರೆದ ಸಾಲುಗಳು ಯಂತ್ರಕ್ಕೆ ನೇರವಾಗಿ ತಿಳಿಯವು. ಕಂಪೈಲರ್ ಅವನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಹಾಗೆ ಮಾಡುವಾಗ ಕೆಲಸ ಬೇಗ ಮುಗಿಯಲೆಂದು ಕೆಲವು ಆಜ್ಞೆಗಳನ್ನು ಕೂಡಿಸುತ್ತದೆ, ಕೆಲವನ್ನು ಬಿಡುತ್ತದೆ, ಕೆಲವನ್ನು ಸ್ಥಳ ಬದಲಿಸಿ ಇಡುತ್ತದೆ. ಇದಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. 1957ರಲ್ಲಿ ಐ.ಬಿ.ಎಂ. ಹೊರತಂದ ಫೋರ್ಟ್ರಾನ್ ಕಂಪೈಲರಿನಲ್ಲಿಯೇ ಈ ಜಾಣತನವಿತ್ತು. ಉತ್ತರ ಕೆಡಬಾರದು ಎಂಬುದೇ ಇದರ ಕಟ್ಟುಪಾಡು. ದಾರಿ ಬದಲಾದರೆ ಚಿಂತೆಯಿಲ್ಲ. ಕವರೇಜ್ ವರದಿಯಾದರೋ ದಾರಿಯ ಲೆಕ್ಕವನ್ನೇ ಇಡತಕ್ಕದ್ದು. ತೊಡಕು ಹುಟ್ಟುವುದು ಇಲ್ಲಿಯೇ.

ನಡೆಯದ್ದು ನಡೆದಂತೆ ಕಾಣುವುದು. ಸಂಬಳದ ಲೆಕ್ಕದಲ್ಲಿ ನಾಲ್ಕು ಸಾಲುಗಳಿವೆ ಎನ್ನಿ: ‘ದುಡಿದ ಗಂಟೆ 8ಕ್ಕಿಂತ ಹೆಚ್ಚಾದರೆ’, ‘ಓವರ್‌ಟೈಮ್ ಗುರುತು 1’, ‘ಇಲ್ಲವಾದರೆ’, ‘ಗುರುತು 0’. ಇಂಥ ಸಾಲುಗಳನ್ನು ಕಂಪೈಲರ್ ಕವಲೇ ಇಲ್ಲದ ಒಂದು ತುಣುಕಾಗಿ ಬೆಸೆಯಬಹುದು. ಆಗ 100 ಹಾಜರಿ ಚೀಟಿಗಳನ್ನು ಕೊಟ್ಟು ಪರೀಕ್ಷಿಸಿದರೆ, ಜಿ.ಸಿ.ಸಿ. ಕಂಪೈಲರಿನ ಜೊತೆಗೆ ಬರುವ ಜಿಕೋವ್ ಎಂಬ ಸಾಧನವು ನಾಲ್ಕೂ ಸಾಲುಗಳ ಮುಂದೆ 100 ಎಂದೇ ಬರೆಯಬಹುದು. ಆ ಚೀಟಿಗಳೆಲ್ಲ ಓವರ್‌ಟೈಮ್ ಮಾಡಿದವರದೇ ಆಗಿದ್ದರೆ? ‘ಗುರುತು 0’ ಒಮ್ಮೆಯೂ ಪರೀಕ್ಷೆಗೆ ಬಂದಿಲ್ಲ. ವರದಿಯಲ್ಲಿ ಮಾತ್ರ ನೂರು ಸಲ ಬಂದಂತಿದೆ! ಅಲ್ಲಿ ತಪ್ಪೊಂದು ಅಡಗಿದ್ದರೆ ಅದು ಹೊರಬೀಳುವುದು ಬಟವಾಡೆಯ ದಿನ, ಬಡವನ ಕೂಲಿಯಲ್ಲಿ. ಹೀಗಾಗಬಹುದೆಂದು ಜಿಕೋವಿನ ಕೈಪಿಡಿಯೇ ಎಚ್ಚರಿಕೆ ಕೊಟ್ಟಿದೆ.

ನಡೆದದ್ದು ನಡೆಯದಂತೆ ಕಾಣುವುದು. ಜವಾನನಿಗೆ ಹೀಗೆ ಅಪ್ಪಣೆಯಾಗಿದೆ ಎನ್ನಿ: ‘ಮೊದಲನೇ ಮಹಡಿಗೆ ಹೋಗು, ಅಲ್ಲಿ ಹೇಳಿದಂತೆ ಮಾಡು.’ ಅಲ್ಲಿ ಹೇಳುವುದಾದರೂ ಏನು? ‘ರೆಕಾರ್ಡು ಕೋಣೆಗೆ ಹೋಗು’ ಎಂದಷ್ಟೇ. ಜಾಣ ಜವಾನ ಮಹಡಿ ಹತ್ತದೆ ನೆಟ್ಟಗೆ ರೆಕಾರ್ಡು ಕೋಣೆಗೇ ನಡೆದ. ಕೆಲಸ ಆಯಿತು; ಆದರೆ ಮಹಡಿಯ ರಿಜಿಸ್ಟರಿನಲ್ಲಿ ಸಹಿ ಬೀಳಲಿಲ್ಲ.

ಪೈಥಾನ್ ಭಾಷೆಯಲ್ಲಿ ಆದದ್ದು ಇದೇ. ಅಲ್ಲಿ ‘ಕಂಟಿನ್ಯೂ’ ಎಂಬ ಸಾಲಿನ ಅರ್ಥ ‘ಮುಂದಿನ ಸುತ್ತಿಗೆ ಹೋಗು’ ಎಂದು. ಆ ಸಾಲಿಗೆ ನೆಗೆದು, ಅಲ್ಲಿಂದ ಮತ್ತೆ ನೆಗೆಯುವ ಬದಲು ಕಂಪೈಲರ್ ಎರಡು ನೆಗೆತಗಳನ್ನು ಒಂದು ಮಾಡುತ್ತಿತ್ತು. ಆದಕಾರಣ ನಿಜವಾಗಿ ಪಾಲನೆಯಾದ ‘ಕಂಟಿನ್ಯೂ’ ಕೂಡ ವರದಿಯಲ್ಲಿ ನಡೆಯದ ಸಾಲಾಗಿ ಕಾಣುತ್ತಿತ್ತು. 2008ರಲ್ಲಿಯೇ ಈ ದೂರು ದಾಖಲಾಗಿತ್ತು. 2021ರಲ್ಲಿ ಬಂದ ಪೈಥಾನ್ 3.10, ನಡೆದ ಪ್ರತಿಯೊಂದು ಸಾಲೂ ಲೆಕ್ಕಕ್ಕೆ ಬರತಕ್ಕದ್ದೆಂಬ ನಿಯಮವನ್ನು ತಂದಿತು.

ಪರಿಹಾರ. ಒಂದು: ಕವರೇಜ್ ಅಳೆಯುವಾಗ ಆಪ್ಟಿಮೈಸೇಶನ್ ನಿಲ್ಲಿಸಿ, ಜಿ.ಸಿ.ಸಿ.ಯಲ್ಲಿ ಇದಕ್ಕೆ ‘ಓ-ಸೊನ್ನೆ’ ಎಂಬ ಸೂಚನೆಯಿದೆ. ಎರಡು: ಸಾಧ್ಯವಿದ್ದಲ್ಲಿ ಮೂಲ ಬರಹದ ಮೇಲೆಯೇ ಎಣಿಕೆ ಕೂಡಿಸುವ ಸಾಧನವನ್ನು ಬಳಸಿ, ಕ್ಲ್ಯಾಂಗ್ ಕಂಪೈಲರಿನಲ್ಲಿ ಅಂಥ ವ್ಯವಸ್ಥೆಯುಂಟು. ಮೂರು: ಅಳತೆ ಮುಗಿದ ಮೇಲೆ ಅವೇ ಪರೀಕ್ಷೆಗಳನ್ನು ಆಪ್ಟಿಮೈಸ್ ಆದ ಪ್ರೋಗ್ರಾಮಿನ ಮೇಲೂ ನಡೆಸಿ, ಗಿರಾಕಿಯ ಕೈಗೆ ಹೋಗುವುದು ಅದೇ ತಾನೆ?

ಅಭ್ಯಾಸ. ಮೇಲಿನ ಸಂಬಳದ ಲೆಕ್ಕಕ್ಕೆ ಕನಿಷ್ಠ ಎಷ್ಟು ಚೀಟಿಗಳು ಬೇಕು? ಸರಿಯಾಗಿ 8 ಗಂಟೆ ದುಡಿದವನ ಚೀಟಿಯನ್ನೂ ಏಕೆ ಸೇರಿಸಬೇಕು? ಕಾಗದದ ಮೇಲೆ ಬರೆದು ನೋಡಿ.

ವರದಿ ಸಾಕ್ಷಿಯೇ ಹೊರತು ತೀರ್ಪಲ್ಲ. ಸಹಿ ಇದ್ದರೂ, ಇಲ್ಲದಿದ್ದರೂ ಒಮ್ಮೆ ವಿಚಾರಿಸಿ ನೋಡುವವನೇ ಒಳ್ಳೆಯ ಗುಮಾಸ್ತ. ಒಳ್ಳೆಯ ಪರೀಕ್ಷಕನೂ ಅವನೇ.